ಬೆಲ್ಲಿನ ಬಟ್ಟಲು

ಟ್ರಿಣ್—ಟ್ರ, ಅದೇ ಒಂದೂವರೆ ಸದ್ದು, ಸ್ಪ್ರಿಂಗ್ ಸಡಿಲ, ಪುಟ್ಟಿ ಬಂದಳು, ನಾನೂ ನನ್ನ ಸೈಕಲ್ಲಿನ ಬೆಲ್ ಒಂದು ಸಲ ಹೊಡೆದೆ, ಸರಿ, ಹಿಂದೆಯೇ ಇದ್ದಾಳೆ, ನಿಧಾನಕ್ಕೆ ತುಳಿಯಲಿ, ನಮಗೇನು ರೈಲು ತಪ್ಪಿಹೋಗುತ್ತದೆಯೇ, ಪಕ್ಕದ ಕಾಲುವೆಗೂ ಆತುರವಿಲ್ಲ, ಹರಿಯುತ್ತಿದೆಯೋ ನಿಂತಿದೆಯೋ, ಒಂದು ಎಲೆ ಬೆಳಿಗ್ಗೆಯಿಂದ ನನ್ನ ಪಕ್ಕದಲ್ಲೇ ತೇಲುವ ಹಾಗಿದೆ, ಛೆ, ಬೇರೆ ಎಲೆ ಇರಬೇಕು, ನೀರಿನೊಳಗೆ ಏನೋ ಹಿತ್ತಾಳೆಯಂತೆ ಹೊಳೆಯಿತು, ಬಿಸಿಲು. ತಿರುಗಿ ನೋಡಬಾರದು, ಅದು ಅವಳ ಷರತ್ತು, ಅಪ್ಪಾ ನೀನು ತಿರುಗಿ ನೋಡಿದ್ರೆ ನಾನು ಬೀಳ್ತೀನಿ, ಮೊದಲ ದಿನ ನೋಡಿದೆ, ಬಿದ್ದಳು, ಮೊಣಕಾಲು ತರಚಿಕೊಂಡು ನನಗೇ ಬೈದಳು, ಹೇಳಿದ್ನೋ ಇಲ್ವೋ. ಅದಕ್ಕೇ ಈ ಏರ್ಪಾಡು, ಹಿಂದಿನಿಂದ ಅವಳ ಬೆಲ್ಲು, ಮುಂದಿನಿಂದ ನನ್ನ ಉತ್ತರ, ಕಣ್ಣಿಗಿಂತ ಕಿವಿ ವಾಸಿ, ಲಿಫ್ಟ್ ರಿಪೇರಿಯವನಿಗೆ ಕಿವಿಯೇ ಅನ್ನ, ನೆಲಮಾಳಿಗೆಯಲ್ಲಿ ನಿಂತೇ ಮೇಲಿನ ಬೇರಿಂಗ್ ಸವೆದದ್ದು ಹೇಳುತ್ತೇನೆ, ಅವಳಮ್ಮ ನಗುತ್ತಾಳೆ, ಅಷ್ಟು ಚುರುಕು ಕಿವಿ, ನಾನು ಕರೆದಾಗ ಮಾತ್ರ ಯಾಕ್ರೀ ಕಿವುಡು, ಹೊರಡುವ ದಿನ ನಗಲಿಲ್ಲ, ಪಕ್ಕದಲ್ಲೇ ನೀರು, ಅವಳಿಗೆ ಈಜು ಬರಲ್ಲ, ನೆನಪಿರಲಿ. ನೆನಪಿದೆ ಕಣೇ. ಟ್ರಿಣ್—ಟ್ರ. ಇವತ್ತು ಸ್ವಲ್ಪ ಹತ್ತಿರದಿಂದಲೇ ಹೊಡೆಯುತ್ತಿದ್ದಾಳೆ, ಧೈರ್ಯ ಬಂದಿದೆ, ಆ ತೂಬಿನ ಹತ್ತಿರ ಯಾವುದೋ ನೀರುಹಕ್ಕಿ ಎರಡು ಸಲ ಕೂಗಿದಾಗಲೂ ಹೆದರಲಿಲ್ಲ, ತಕ್ಷಣ ಬೆಲ್ ಹೊಡೆದಳು, ಜಾಣೆ. ಬೆಳಿಗ್ಗೆ ಟೆಂಟಿನ ಗೂಟ ಕೀಳಲಾರದೆ ಅದಕ್ಕೇ ಜೋತುಬಿದ್ದಳು, ಬಾಯಿ ತುಂಬ ಪೇಸ್ಟ್, ಆದರೂ ಮಾತು, ತನ್ನ ಬ್ರೆಡ್ಡೆಲ್ಲ ಮೀನಿಗೆ, ಆಮೇಲೆ ನಾನು ಆ ಸ್ಪ್ರಿಂಗ್ ಬಿಗಿ ಮಾಡೋಣವೆಂದು ಕೂತೆ, ಅವಳ ಬೆಲ್ಲಿನ ಹಿತ್ತಾಳೆ ಬಟ್ಟಲು ಬಿಚ್ಚಿ ಹುಲ್ಲಿನ ಮೇಲಿಟ್ಟೆ, ಉರುಳಿತು, ಇಬ್ಬರೂ ನೋಡುತ್ತಲೇ ಇದ್ದೆವು, ಅಂಚಿನಲ್ಲಿ ಒಂದು ಕ್ಷಣ ನಿಂತು ಬಿತ್ತು, ಹಸಿರು ನೀರಿನಲ್ಲಿ ಅತ್ತ ಇತ್ತ ವಾಲುತ್ತಾ, ಹೊಳೆಯುತ್ತಾ, ಕೆಳಗೆ, ಇನ್ನೂ ಕೆಳಗೆ. ಹೋಗ್ಲಿ ಬಿಡು ಪುಟ್ಟಿ, ಹೊಸದು ತರೋಣ. ಹೂಂ, ಆದ್ರೆ ಅಪ್ಪಾ, ನಾನು ಹಿಂದೆ ಇದ್ದೀನಿ ಅಂತ ನಿಂಗೆ ಹೇಗೆ ಗೊತ್ತಾಗತ್ತೆ? ಕೂಗು, ಅಂದೆ, ಗಂಟಲು ಹರಿಯೋ ಹಾಗೆ ಕೂಗು. ಕೂಗು ಅಂದೆ. ಬಟ್ಟಲು ನೀರಿನಲ್ಲಿದೆ, ಅವಳ ಹ್ಯಾಂಡಲಿನಲ್ಲಿ ಬರೀ ಸ್ಕ್ರೂ ಉಳಿದಿದೆ, ಕೂಗು ಅಂದೆ, ಹೊರಟೆವು, ಹಿಂದಿನಿಂದ ಟ್ರಿಣ್—ಟ್ರ ಅಂದಿತು, ಅಭ್ಯಾಸ, ಉತ್ತರ ಕೊಟ್ಟೆ, ಇಲ್ಲಿಯವರೆಗೂ ಕೊಟ್ಟುಕೊಂಡೇ ಬಂದೆ. ಬ್ರೇಕು. ಕಾಲು ನೆಲಕ್ಕೆ. ತೂಬಿನ ಹತ್ತಿರದ ಹಕ್ಕಿ—ಯಾವ ಹಕ್ಕಿ ಅಷ್ಟು ಉದ್ದ ಕೂಗುತ್ತದೆ, ಎರಡನೆಯ ಸಲ ಅರ್ಧಕ್ಕೇ ನಿಲ್ಲಿಸುತ್ತದೆ. ಪುಟ್ಟೀ. ಬೈಯಿ ನನ್ನ, ಒಂದು ಸಲ ಬೈಯಿ. ಆಚೆ ದಡದ ಹುಲ್ಲು ಕೂಡ ಅಲುಗದು, ಹಿಂದೆ ಟೈರಿನ ಸದ್ದಿಲ್ಲ, ಉಸಿರಿನ ಸದ್ದಿಲ್ಲ, ತಿರುಗಬೇಕು, ತಿರುಗಿದರೆ ಬೀಳ್ತೀನಿ ಅಂದಿದ್ದಾಳೆ, ಕತ್ತು ತಿರುಗುತ್ತಿಲ್ಲ, ಟ್ರಿಣ್—ಟ್ರ, ಬೆನ್ನಿಗೇ, ಒದ್ದೆ ಸದ್ದು, ಹಿತ್ತಾಳೆ ಬಟ್ಟಲು, ವಾಲುತ್ತಾ, ಹೊಳೆಯುತ್ತಾ, ಹಸಿರಿನೊಳಗೆ ಕೆಳಗೆ, ಇನ್ನೂ ಕೆಳಗೆ