ಒಂದೇ ದನಿ

ಮುಚ್ಚಳ ಹಾಕುವ ಮೊದಲು ಮಾವ ಕಲ್ಲನ್ನು ಒಮ್ಮೆ ಅಲುಗಾಡಿಸಿ ನೋಡುತ್ತಾರೆಂದು ಸೊಸೆ ಕಾದಳು. ಅವರು ನೋಡಲಿಲ್ಲ. ಕಲ್ಲನ್ನು ಕಚ್ಚಿಕೊಂಡಿದ್ದ ಹಿಡಿಯ ತಿರುಪನ್ನು ಇನ್ನೊಂದು ಸುತ್ತು ಬಿಗಿದು, ಮುಚ್ಚಳ ಎಳೆದು, ದೊಡ್ಡ ಗರಗಸದ ಸ್ವಿಚ್ಚು ಒತ್ತಿಯೇಬಿಟ್ಟರು.

ಕಲ್ಲಿನ ಹುಚ್ಚು ಹತ್ತಿದ ಕೆಲವರು ಸೇರಿ ಬಾಡಿಗೆಗೆ ಹಿಡಿದ ಶೆಡ್ಡು ಅದು. ಸಂಜೆ ಕೆಲಸ ಮುಗಿಸಿ ಬಂದು ಕಲ್ಲು ಕೊಯ್ದು, ಉಜ್ಜಿ, ಹೊಳಪು ಕೊಟ್ಟು, ತಡವಾಗಿ ಮನೆಗೆ ಹೋಗಿ ಬೈಸಿಕೊಳ್ಳುವವರು. ಅಕ್ಕಪಕ್ಕ ಎರಡು ಗರಗಸಗಳು, ಒಂದು ತುಸು ದೊಡ್ಡದು; ಒಂದೊಂದೂ ಒಬ್ಬ ಮನುಷ್ಯ ಮುದುರಿ ಮಲಗಬಹುದಾದ ಕಬ್ಬಿಣದ ಪೆಟ್ಟಿಗೆಯಷ್ಟಿದ್ದವು. ಒಳಗೆ ಎಣ್ಣೆಯಲ್ಲಿ ಅದ್ದಿ ತಿರುಗುವ ಬ್ಲೇಡು ಬಸ್ಸಿನ ಸ್ಟೀರಿಂಗಿನಷ್ಟು ಅಗಲ, ದಪ್ಪ ಮಾತ್ರ ರಟ್ಟಿನಷ್ಟು. ಮುಚ್ಚಳ ಹಾಕಿದ ಮೇಲೆ ಏನೂ ಕಾಣದು. ಕೇಳಬೇಕು, ಅಷ್ಟೆ.

ಕೇಳುವುದರಲ್ಲಿ ಮಾವನದು ಎತ್ತಿದ ಕೈ. ಮೋಟಾರು ರಿಪೇರಿ ಅಂಗಡಿಯಲ್ಲಿ ತಲೆ ನರೆಸಿಕೊಂಡವರು. ಶೆಡ್ಡಿನಲ್ಲಿ ಅವರನ್ನು 'ಕಿವಿ ಯಜಮಾನರು' ಎಂದೇ ಕರೆಯುತ್ತಿದ್ದರು. "ಗರಗಸ ತಾನೇ ಬಾಯಿಬಿಟ್ಟು ಹೇಳತ್ತಮ್ಮ," ಎಂದು ಅವಳಿಗೂ ಕಲಿಸಿದ್ದರು. "ಒಂದೇ ದನೀಲಿ ಗುಂಯ್ ಅಂತಿದ್ರೆ ಅದರ ಪಾಡಿಗೆ ಬಿಟ್ಬಿಡು. ಟಿಕ್ ಟಿಕ್ ಅಂತು ಅಂದ್ರೆ ಕಲ್ಲು ಹಿಡಿತ ಬಿಡ್ತಿದೆ ಅಂತ. ಯೋಚ್ನೆ ಮಾಡ್ತಾ ನಿಂತ್ಕೋಬೇಡ. ನಿಲ್ಸು."

ನಿಲ್ಲಿಸದಿದ್ದರೆ ಏನಾಗುತ್ತದೆ ಎಂದು ಯಾರೂ ಹೇಳಬೇಕಿರಲಿಲ್ಲ. ಹಳೆಯ ಮುಚ್ಚಳವೊಂದನ್ನು ಗೋಡೆಗೆ ತೂಗುಹಾಕಿದ್ದರು. ಅದರ ನಡುವೆ, ಒಳಗಿನಿಂದ ಹೊರಕ್ಕೆ, ಬ್ಲೇಡು ಸೀಳಿಕೊಂಡು ಬಂದ ಗಾಯ. ಅಲ್ಲಿಂದಾಚೆಗೆ ಮಾವ ಒಂದು ಕಟ್ಟಳೆ ಮಾಡಿದ್ದರು: ಕಲ್ಲನ್ನು ಹಿಡಿಗೆ ಕಟ್ಟಿದವರೇ ಆ ಗರಗಸದ ಸ್ವಿಚ್ಚು ಮುಟ್ಟಬೇಕು, ಬೇರೆಯವರು ಮುಟ್ಟಕೂಡದು.

ಪಕ್ಕದ ಗರಗಸ ಅವಳದೇ ಕಲ್ಲು ಕೊಯ್ಯುತ್ತಿತ್ತು, ಅವಳು ತಾನಾಗಿ ಕಟ್ಟಿದ ಮೊದಲನೆಯದು. ನಾಲ್ಕು ಸಲ ಅಲುಗಾಡಿಸಿ ನೋಡಿ, ಸಾಲದೆಂದು ಮರದ ಬೆಣೆಯೊಂದನ್ನು ಹೆಚ್ಚಿಗೆ ತುರುಕಿದ್ದಳು.

"ನಮ್ ಯಜಮಾನ್ರು ಇರೋವಾಗ ಏನ್ರೀ ಭಯ?" ದಂತವೈದ್ಯರು ಚಹಾದ ಲೋಟವನ್ನು ದೊಡ್ಡ ಗರಗಸದ ಮುಚ್ಚಳದ ಮೇಲಿಟ್ಟು, ಮೊಣಕೈಯನ್ನೂ ಊರಿದರು. ಅದು ಈಗ ಕೊಯ್ಯುತ್ತಿದ್ದುದು ಅವರ ಕಲ್ಲು. ಶೆಡ್ಡು ನಡೆಸುವ ಸಂಘದ ಕಾರ್ಯದರ್ಶಿಯೂ ಅವರೇ. "ನಮ್ ಕ್ಲಿನಿಕ್ಕಿಗೂ ಇಂಥ ಒಂದು ಕಿವಿ ಬೇಕಿತ್ತು. ನಾನು ಕೊರೆಯೋಕೆ ಮುಂಚೇನೇ ಜನ ಕಿರುಚ್ತಾರೆ!"

ಅವಳು ನಕ್ಕಳು. ಅವಳ ಮುಖ ನೋಡಿ, ಕೊಂಚ ತಡವಾಗಿ, ಮಾವನೂ ನಕ್ಕರು.

ಆ ತಡ ಅವಳಿಗೆ ಹೊಸದಲ್ಲ. ಮನೆಯಲ್ಲಿ ಫೋನು ಅವರ ಮಗ್ಗುಲಲ್ಲೇ ಬಡಿದುಕೊಳ್ಳುತ್ತಿರುತ್ತದೆ. ಅವರು ಪೇಪರು ಓದುತ್ತಿರುತ್ತಾರೆ. "ನೀವೆಲ್ಲ ಬಾಯೊಳಗೇ ಮಾತಾಡ್ತೀರಪ್ಪ," ಎಂದು ರೇಗುತ್ತಾರೆ. "ಅಪ್ಪನ ಜೊತೆ ನೀನೂ ಹೋಗು, ಸುಮ್ನೆ ಒಂದು ಕಣ್ಣಿಟ್ಟಿರು," ಎಂದಿದ್ದ ಗಂಡ. ಅತ್ತೆ ತೀರಿಕೊಂಡ ಮೇಲೆ ಮಾವ ಶರ್ಟು ಇಸ್ತ್ರಿ ಮಾಡಿಕೊಂಡು ಹೊರಡುತ್ತಿದ್ದುದು ಇದೊಂದೇ ಜಾಗಕ್ಕೆ. ದಂತವೈದ್ಯರ ಮುಂದೆ ಅವಳು ಈ ಕಿವಿಯ ಬಗ್ಗೆ ಒಂದು ಮಾತು ಬಿಟ್ಟರೆ ಸಾಕು, ಶೆಡ್ಡಿನ ಬೀಗದ ಕೈ ಮಾವನ ಜೇಬಿನಿಂದ ಹೋಗುತ್ತದೆ.

ಟಿಕ್.

ಅವಳು ದೊಡ್ಡ ಗರಗಸದ ಕಡೆ ಕಿವಿಗೊಟ್ಟಳು. ಎರಡು ಗರಗಸಗಳ ಗುಂಯ್‌ಗುಡುವ ಸದ್ದಿನ ಕೆಳಗೆ, ತೆಳ್ಳಗೆ, ಉಗುರಿನಿಂದ ತಗಡು ಮೀಟಿದಂತೆ. ಟಿಕ್. ಟಿಕ್.

"ಡಾಕ್ಟ್ರೇ, ಸ್ವಲ್ಪ ಈಚೆ ಬನ್ನಿ. ಎಣ್ಣೆ ಸಿಡಿಯತ್ತೆ."

"ಸಿಡೀಲಿ ಬಿಡಮ್ಮ. ಎಣ್ಣೆ ಬಿದ್ದಾದ್ರೂ ನಾಲ್ಕು ಕೂದ್ಲು ಬರ್ತಾವೇನೋ." ಅವರು ಬೋಳು ತಲೆ ಸವರಿಕೊಂಡರು. ಕದಲಲಿಲ್ಲ.

ಅವಳು ಮಾವನ ಎದುರಿಗೆ ಹೋಗಿ, ತುಟಿ ಕಾಣುವಂತೆ ನಿಂತಳು. "ಮಾವ, ಏನೋ ಸದ್ದು ಬರ್ತಿದೆ ಅಲ್ವಾ?"

ಅವರು ಸ್ಟೂಲಿನ ಮೇಲೆ ಕೂತು, ಕೈಗಳನ್ನು ತೊಡೆಯ ಮೇಲಿಟ್ಟು, ಗರಗಸದ ಕಡೆ ತಲೆ ವಾಲಿಸಿದರು. ಟಿಕ್, ಟಿಕ್, ಟಿಕ್. ಹುಬ್ಬು ಒಂದಿಷ್ಟೂ ಅಲುಗಲಿಲ್ಲ.

"ಕಲ್ಲೊಳಗೆ ಹರಳಿರತ್ತೆ. ಹರಳಿಗೆ ಬ್ಲೇಡು ತಾಕಿದಾಗ ಹಾಗೇ."

ಇರಬಹುದೇ? ನಿನ್ನೆ ಮೊನ್ನೆ ಬಂದವಳು ತಾನು. ಅವರ ಅನುಭವವೆಷ್ಟು, ತನ್ನದೆಷ್ಟು! ಸುಮ್ಮನೆ ನಿಲ್ಲಿಸಿ, ಕಲ್ಲು ಹಾಳಾಗಿ, ನಾಲ್ಕು ಜನರ ಮುಂದೆ ಮಾವನ ಮುಖಕ್ಕೆ ಮಸಿ ಬಳಿದಂತಾದರೆ? ಮುಚ್ಚಳದ ಮೇಲಿನ ಚಹಾದಲ್ಲಿ ಬಳೆಯಂಥ ಸಣ್ಣ ಅಲೆಗಳು ಏಳತೊಡಗಿದ್ದವು. ಅದರ ಪಕ್ಕದಲ್ಲೇ ದಂತವೈದ್ಯರ ಮೊಣಕೈ, ಅದಕ್ಕೆ ತುಸು ಮೇಲೆ ಅವರ ಗಂಟಲು.

ಕಟಕ್.

ಅವಳು ಹಿಂದಕ್ಕೆ ಸರಿದು ಗೋಡೆಗೆ ಒರಗಿದಳು. ಮಾವನ ಮುಖದಿಂದ ಕಣ್ಣು ಕೀಳದೆ, ಬೆನ್ನ ಹಿಂದೆ ಕೈ ಹಾಕಿ ತಡಕಿ, ಗೋಡೆಯ ಸ್ವಿಚ್ಚಿನ ಕೆಂಪು ಗುಂಡಿ ಒತ್ತಿದಳು.

ದೊಡ್ಡ ಗರಗಸದ ದನಿ ಇಳಿಯಿತು. ಟಿಕ್‌ಟಿಕ್ ನಿಧಾನವಾಯಿತು, ಒಂದೊಂದೇ ಆಗಿ ಬಿಟ್ಟುಬಿಟ್ಟು ಬಂತು, ಆಮೇಲೆ ಇಲ್ಲವಾಯಿತು. ಪಕ್ಕದ್ದು ಮಾತ್ರ ತನ್ನ ಪಾಡಿಗೆ ಗುಂಯ್ ಎನ್ನುತ್ತಾ ಕೊಯ್ಯುತ್ತಿತ್ತು. ದಂತವೈದ್ಯರು ತಟ್ಟನೆ ಮೊಣಕೈ ತೆಗೆದರು. ಸ್ವಿಚ್ಚು ನೋಡಿದರು, ಅವಳನ್ನು ನೋಡಿದರು. ಕಟ್ಟಳೆ ಮುರಿದವಳನ್ನು ಗದರಲು ಎಂಬಂತೆ ಬಾಯಿ ತೆರೆದರು.

ಮಾವ ಕಣ್ಣು ಮುಚ್ಚಿದ್ದರು. ತಲೆ ಇನ್ನೂ ದೊಡ್ಡ ಗರಗಸದ ಕಡೆಗೇ ವಾಲಿತ್ತು. ಮುಖದಲ್ಲಿ ನೆಮ್ಮದಿ.

"ಕೇಳಿಸ್ತಾ? ನೋಡು, ಈಗ ಒಂದೇ ದನಿ," ಎಂದರು. "ಹರಳು ದಾಟ್ತು ಅಂತ ಇಟ್ಕೋ. ಇನ್ಮೇಲೆ ನೀರು ಕುಡಿದಷ್ಟು ಸಲೀಸು."

ದಂತವೈದ್ಯರ ಗಂಟಲಿನಿಂದ ಏನೋ ಹೊರಟಿತು. ಅವಳು ಅವರತ್ತ ತಿರುಗಿ, ಬೇಡವೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಮಾವ ಕಣ್ಣು ತೆರೆಯದೆಯೇ ತೋರುಬೆರಳು ಮೇಲೆತ್ತಿ, ಇಬ್ಬರಿಗೂ ಸುಮ್ಮನಿರುವಂತೆ ಸನ್ನೆ ಮಾಡಿದರು. ದಂತವೈದ್ಯರು ಬಾಯಿ ಮುಚ್ಚಿದರು. ಮೂವರೂ ನಿಂತುಹೋದ ಗರಗಸದ ಕಡೆ ತಲೆ ವಾಲಿಸಿ ಕೇಳುತ್ತಿದ್ದರು.