ಬ್ರೇಕ್ ತೊಳೆಯುವ ಶ್ರೇಯಾಂಸಣ್ಣ

ಶ್ರೇಯಾಂಸಕುಮಾರರ ಬೆನ್ನ ಹಿಂದೆ ಯಾರೂ ತೀರ ಹತ್ತಿರ ನಡೆಯಬಾರದು. ಮಡಂತ್ಯಾರು ಪೇಟೆಯಲ್ಲಿ ಇದು ಎಲ್ಲರೂ ಒಮ್ಮೆ ಮೂಗು ಜಜ್ಜಿಕೊಂಡು ಕಲಿತ ಪಾಠ. ಅವರು ಭರಭರನೆ ಹೆಜ್ಜೆ ಹಾಕುತ್ತ ಹೋಗಿ, ಯಾವ ಮುನ್ಸೂಚನೆಯನ್ನೂ ಕೊಡದೆ, ಎತ್ತಿದ ಕಾಲನ್ನು ಅಲ್ಲೇ ಊರಿ ಗಕ್ಕನೆ ನಿಂತುಬಿಡುತ್ತಾರೆ. ರಸ್ತೆಯಲ್ಲಿ ಹೋಗುತ್ತಿರುವ ಯಾವುದೋ ರಿಕ್ಷಾದ ಚಕ್ರ ಕೀರೆಂದದ್ದು ಕಿವಿಗೆ ಬಿದ್ದಿರುತ್ತದೆ, ಅಷ್ಟೆ. ಮಾತಿನ ಓಟವೂ ಇದೇ ಜಾಡಿನದು, ವಾಕ್ಯದ ನಟ್ಟನಡುವೆ ನಿಂತು, "ಎಂತ ಹೇಳ್ತಾ ಇದ್ದದ್ದು ನಾನು?" ಎಂದು ಕೇಳಿ, ನಮ್ಮ ಉತ್ತರಕ್ಕೆ ಕಾಯದೆ ಇನ್ನೊಂದು ವಾಕ್ಯಕ್ಕೆ ಹೊರಟುಬಿಡುತ್ತಾರೆ. ಅವರದು ಬ್ರೇಕಿನ ಗ್ಯಾರೇಜು. ಎಂಜಿನ್ನಿಗೆ ಅವರು ಕೈ ಹಾಕುವುದಿಲ್ಲ. ನಾನೊಮ್ಮೆ ಕಾರಣ ಕೇಳಿದ್ದೆ. "ಓಡಿಸಿ ಕೊಡುವವರು ಊರಿಡೀ ಇದ್ದಾರೆ ಮಾಷ್ಟ್ರೆ, ನಿಲ್ಲಿಸಿ ಕೊಡುವವರು ಒಬ್ಬರಾದರೂ ಬೇಡವಾ?" ಎಂದಿದ್ದರು.

ಗ್ರೀಸು, ಮಸಿ, ಧೂಳುಗಳ ನಡುವೆ ಬದುಕುವ ಈ ಮನುಷ್ಯ ಧರಿಸುವುದು ಬಿಳಿಯ ಮೇಲಂಗಿ. ದೂರದಿಂದ ನೋಡಿದವರು ಯಾರೋ ದಂತವೈದ್ಯರು ದಾರಿ ತಪ್ಪಿ ಚಕ್ರದಡಿ ಕುಳಿತಿದ್ದಾರೆಂದು ಭಾವಿಸಬೇಕು. ಅಂಗಿಯ ಜೇಬಿನಲ್ಲಿ ಇಸ್ತ್ರಿ ಹಾಕಿದ ಬಿಳಿ ಕರವಸ್ತ್ರ. ಬೆವರೊರೆಸಲಿಕ್ಕಲ್ಲ, ಬ್ರೇಕಿನ ಡ್ರಮ್ಮನ್ನು ತೊಳೆದಾದ ಮೇಲೆ ಅದರ ಒಳಮೈಯನ್ನು ಈ ವಸ್ತ್ರದಿಂದ ಉಜ್ಜಿ ನೋಡುತ್ತಾರೆ, ಕಲೆ ಬಿದ್ದರೆ ಮತ್ತೆ ತೊಳೆಯುತ್ತಾರೆ. ಆಮೇಲೆ ವಾಹನವನ್ನು ತಾವೇ ಗ್ಯಾರೇಜಿನ ಪಕ್ಕದ ಇಳಿಜಾರಿನಲ್ಲಿ ಇಳಿಸಿ, ಕೆಳಗಿನ ಮೋರಿಗಿಂತ ಮೊದಲೇ ನಿಲ್ಲಿಸಿ ತೋರಿಸಬೇಕು. ಆ ತನಕ ಬೀಗದ ಕೈ ಯಜಮಾನನ ಕೈಗೆ ಬರುವುದಿಲ್ಲ. ನನ್ನ ಮುದಿ ಕಾರನ್ನು ಹೀಗೆ ಒಂದು ಮಧ್ಯಾಹ್ನವಿಡೀ ತಡೆದಿಟ್ಟು, ನಾನು ಹೋಗಬೇಕಿದ್ದ ನೆಂಟರ ಮದುವೆಯೂಟ ತಪ್ಪಿಸಿದವರು ಇವರೇ. ಅಂದು ಬಡಿಸಿದ ಹಲಸಿನ ಹಣ್ಣಿನ ಪಾಯಸದ ವರ್ಣನೆಯನ್ನು ಇತರರ ಬಾಯಲ್ಲಿ ಕೇಳಬೇಕಾಗಿ ಬಂದ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಅವರಿಗೊಂದು ವ್ರತವುಂಟು. ಜೈನ ಮನೆತನದವರಾದ್ದರಿಂದ ಮದ್ಯ ಮುಟ್ಟದಿರುವುದು ಅವರಿಗೆ ಹುಟ್ಟಿನಿಂದಲೇ ಬಂದ ನಿಯಮ. ಅಷ್ಟಕ್ಕೇ ನಿಲ್ಲಲು ಅವರಿಗೆ ಮನಸ್ಸಿರಲಿಲ್ಲ. ಕೆಲಸ ಕಲಿತ ಗ್ಯಾರೇಜಿನಲ್ಲಿ ಸಂಜೆಯಾದರೆ ಬಾಟಲಿಯ ಮುಚ್ಚಳ ತೆರೆಯುತ್ತಿತ್ತಂತೆ, ಒಂದು ದಿನ ಹಾಗೆ ಕುಡಿದವನೊಬ್ಬ ಚಕ್ರದ ನಟ್ಟು ಬಿಗಿಯದೆ ಜೀಪು ಕಳಿಸಿ, ಪುಂಜಾಲಕಟ್ಟೆಯ ತಿರುವಿನಲ್ಲಿ ಒಬ್ಬರ ಕಾಲು ಹೋಯಿತಂತೆ. ಸ್ವಂತ ಗ್ಯಾರೇಜು ತೆರೆದ ದಿನ ಮೂಡಬಿದಿರೆಯ ಬಸದಿಯಲ್ಲಿ ನಿಂತು, ಅಮಲಿನ ಅಂಶವಿರುವ ಯಾವುದೂ ತನ್ನ ಗ್ಯಾರೇಜಿನ ಹೊಸಿಲು ದಾಟದು ಎಂದು ಸಂಕಲ್ಪ ಮಾಡಿದರು. ಕೊರೋನಾದ ಕಾಲದಲ್ಲಿ ಬಸದಿಯ ಬಾಗಿಲಲ್ಲೇ ಸ್ಯಾನಿಟೈಸರ್ ಇಟ್ಟಿದ್ದರೂ ಇವರ ಬಾಗಿಲಲ್ಲಿ ಸಾಬೂನು, ಚೊಂಬು, ನೀರು. ಎಲ್ಲರೂ ನಕ್ಕರು, ನಾನೂ ನಕ್ಕೆ; ಸಾಬೂನು ಮಾತ್ರ ಅಲ್ಲಿಂದ ಕದಲಲಿಲ್ಲ.

ಇಂಥವರ ಬಾಳಿನಲ್ಲಿ ಒಂದು ಕೆಂಪು ಡಬ್ಬಿ ಬಿರುಗಾಳಿ ಎಬ್ಬಿಸಿತು. ಬ್ರೇಕ್ ತೊಳೆಯುವ ದ್ರಾವಣದ ಡಬ್ಬಿ ಅದು. ಚುಸ್ ಎಂದು ಹೊಡೆದರೆ ಗ್ರೀಸು ಕರಗಿ ಇಳಿದು, ಕಣ್ಣು ಮಿಟುಕಿಸುವುದರೊಳಗೆ ಒಣಗಿ, ಹಿಂದೆ ಏನನ್ನೂ ಉಳಿಸದೆ ಮಾಯವಾಗುತ್ತಿತ್ತು. ಉಸಿರಿಗೆ ಕೇಡೆಂದು ನಿಯಮ ಬದಲಾಗಿ, ಕಂಪನಿಯವರು ಡಬ್ಬಿಯ ಬಣ್ಣವನ್ನು ಹಾಗೇ ಇಟ್ಟು ಒಳಗಿನ ಸೂತ್ರವನ್ನು ಬದಲಾಯಿಸಿದರು. ಹೊಸ ದ್ರಾವಣವನ್ನು ಹೊಡೆದ ದಿನ ಶ್ರೇಯಾಂಸಕುಮಾರರು ಡ್ರಮ್ಮಿನೆದುರು ಬಹಳ ಹೊತ್ತು ಕುಕ್ಕುರುಗಾಲಲ್ಲಿ ಕುಳಿತಿದ್ದರು. "ಇದು ಗ್ರೀಸಿಗೆ ಸ್ನಾನ ಮಾಡಿಸ್ತದೆ ಮಾಷ್ಟ್ರೆ, ತೆಗೆಯುದಿಲ್ಲ" ಎಂದರು. ಹಳೆಯ ದಾಸ್ತಾನು ಗುಟ್ಟಿನಲ್ಲಿ ಸಿಗುತ್ತದೆ ಎಂದವರೂ ಇದ್ದರು. ಆದರೆ ಆ ಡಬ್ಬಿ ನಿಂತ ಮೇಲೆ ಅವರ ಕೆಮ್ಮು ನಿಂತದ್ದನ್ನು ಹೆಂಡತಿ ಅನಂತಮತಿಯವರು ಗಮನಿಸಿದ್ದರು. "ಅದು ಪುನಃ ಬಂದರೆ ನಾನು ತವರಿಗೆ ಹೋಗ್ತೇನೆ" ಎಂದು ಅವರು ಹೇಳಿದ್ದರಿಂದ ಆ ದಾರಿ ಮುಚ್ಚಿತು.

ಅಲ್ಲಿಂದ ಶುರುವಾಯಿತು ನೋಡಿ ಪ್ರಯೋಗಗಳ ಮೆರವಣಿಗೆ. ಚಿಮಿಣಿ ಎಣ್ಣೆ ಗ್ರೀಸನ್ನು ಓಡಿಸಿ ತಾನೇ ಅಲ್ಲಿ ಬಿಡಾರ ಹೂಡಿತು. ಥಿನ್ನರಿಗೆ ರಬ್ಬರಿನ ವಾಷರು ಉಬ್ಬಿತು. ಪೆಟ್ರೋಲಿನ ಹೆಸರೆತ್ತಿದವನನ್ನು, ಬೆಂಕಿಯ ಭಯದಿಂದ, ಅಂಗಳದಿಂದಲೇ ಹಿಂದೆ ಕಳಿಸಿದರು. ಬಳಿಕ ಅವರ ದೃಷ್ಟಿ ಅಡುಗೆಮನೆಯತ್ತ ಹೊರಳಿತು. ಬಸದಿಯ ಹಿತ್ತಾಳೆ ದೀಪಗಳನ್ನು ಬೆಳಗುವ, ಪುನರ್ಪುಳಿಯೆಂಬ ಹುಳಿಹಣ್ಣಿನ ಸಿಪ್ಪೆ ಬ್ರೇಕನ್ನು ಯಾಕೆ ಬೆಳಗಬಾರದು ಎಂಬುದು ಅವರ ತರ್ಕ. ಬೆಳಗಿತು, ಡ್ರಮ್ಮು ನಂದಾದೀಪದಷ್ಟು ಹೊಳೆಯಿತು. ಮರುದಿನ ಬೆಳಿಗ್ಗೆ ನೋಡಿದರೆ ಹುಳಿಗೆ ಕಬ್ಬಿಣವೆಲ್ಲ ಕೆಂಪಗೆ ತುಕ್ಕು ಹಿಡಿದಿತ್ತು. ದೀಪ ಹಿತ್ತಾಳೆ, ಬ್ರೇಕು ಕಬ್ಬಿಣ ಎಂಬುದನ್ನು, ಬದುಕಿಡೀ ಕಬ್ಬಿಣದೊಂದಿಗೆ ಏಗಿದ ಮನುಷ್ಯ ಭಕ್ತಿಯ ಭರದಲ್ಲಿ ಮರೆತಿದ್ದರು. "ಸಾರಿಗೆ ಇಟ್ಟ ಸಿಪ್ಪೆ ಮಾಷ್ಟ್ರೆ, ಒಂದು ಚೂರು ಬಿಡ್ಲಿಲ್ಲ" ಎಂದು ಅನಂತಮತಿಯವರು ನನ್ನಲ್ಲಿ ದೂರು ಹೇಳಿದರು. ಹೇಳುವಾಗ ಅವರಿಗೇ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ರಶೀನಾ ತನ್ನ ವ್ಯಾನು ತಂದು ನಿಲ್ಲಿಸಿದಳು. ಸುತ್ತಲಿನ ಹಳ್ಳಿಗಳ ಮಕ್ಕಳನ್ನು ಶಾಲೆಗೆ ಕರೆದೊಯ್ಯುವವಳು ಅವಳು. ಈ ರಸ್ತೆಯಲ್ಲಿ ಶಾಲಾ ವ್ಯಾನು ಓಡಿಸುವ ಹೆಂಗಸು ಅವಳೊಬ್ಬಳೇ, ಅದಕ್ಕಾಗಿ ಕೇಳಬೇಕಾದ ಕೊಂಕು ಮಾತನ್ನೆಲ್ಲ ಕೇಳಿ ಮುಗಿಸಿದವಳು. ಹಿಂದಿನ ಚಕ್ರದ ಸೀಲು ಒಡೆದು ಬ್ರೇಕೆಲ್ಲ ಎಣ್ಣೆ ಕುಡಿದಿತ್ತು. ಸೋಮವಾರ ಶಾಲೆ ಶುರು. ಆ ದಿನ ವ್ಯಾನು ಬಾರದಿದ್ದರೆ ತಂದೆತಾಯಂದಿರು ಬೇರೆ ವ್ಯಾನು ಗೊತ್ತುಮಾಡುತ್ತಾರೆ, ಒಮ್ಮೆ ಹೋದ ಮಕ್ಕಳು ಆ ವರ್ಷ ಮರಳಿ ಬರುವುದಿಲ್ಲ.

ಶ್ರೇಯಾಂಸಕುಮಾರರು ಸೀಲು, ಲೈನರ್ ಎಲ್ಲ ಹೊಸತು ಹಾಕಿ, ಡ್ರಮ್ಮಿಗೆ ಅಂಟುವಾಳದ ನೊರೆ ಹಚ್ಚಿ, ಬಿಸಿನೀರಿನಲ್ಲಿ ತೊಳೆದರು. ಕರವಸ್ತ್ರ ಬೆಳ್ಳಗೇ ಬಂತು. ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಎಂದಿನಂತೆ ಅವರೊಬ್ಬರೇ ಹತ್ತಿ ಕುಳಿತು ವ್ಯಾನನ್ನು ಇಳಿಜಾರಿಗೆ ಬಿಟ್ಟರು. ಬ್ರೇಕೊತ್ತಿದ್ದು ನಮಗೂ ಕಾಣಿಸಿತು, ಹಿಂದಿನ ದೀಪ ಉರಿಯಿತು; ವ್ಯಾನು ಮಾತ್ರ ಜಾರುತ್ತ ಹೋಗಿ, ಮೋರಿಯನ್ನು ದಾಟಿ, ಆಚೆಯ ಏರು ಸಿಕ್ಕಿದ ಮೇಲೆ ನಿಂತಿತು. ಅಂಟುವಾಳದ ಜಿಗುಟು ಕಣ್ಣಿಗೆ ಕಾಣದಂತೆ ಲೋಹಕ್ಕೆ ಅಂಟಿ ಉಳಿದಿತ್ತು. ನಡೆದು ಮೇಲೆ ಬಂದ ಅವರ ಮುಖ ಅಂಗಿಯಷ್ಟೇ ಬಿಳಿಚಿತ್ತು. "ಮಕ್ಕಳು ಇದ್ದಿದ್ದರೆ?" ಎಂದಷ್ಟೇ ಹೇಳಿ ಬೆಂಚಿನ ಮೇಲೆ ಕುಳಿತರು. ಅಂದು ಮೊದಲ ಬಾರಿಗೆ ನನಗೆ ಅವರ ಮೇಲೆ ಕನಿಕರವಾಯಿತು.

ಬಂಟ್ವಾಳದಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿರುವ ಹನೀಫಾ, ಸುದ್ದಿ ಕೇಳಿ ಶನಿವಾರ ಒಂದು ಬಾಟಲಿ ತಂದರು. "ಶ್ರೇಯಾಂಸಣ್ಣ, ಮೊದಲು ಸೋಪಿನ ನೀರಲ್ಲಿ ತೊಳೆಯಿರಿ, ಕಡೆಗೆ ಇದರಲ್ಲಿ ಒರೆಸಿ. ಜಿಗುಟು ಗಿಗುಟು ಎಂತದೂ ಉಳಿಯುದಿಲ್ಲ. ಇದು ಸ್ಪಿರಿಟ್. ಕುಡಿಯುವಂಥದ್ದಲ್ಲ, ಕುಡಿದವ ಬದುಕುದೂ ಇಲ್ಲ."

ಶ್ರೇಯಾಂಸಕುಮಾರರಿಗೆ ಅದು ಗೊತ್ತಿಲ್ಲದ ವಸ್ತುವೇನಲ್ಲ. ಇಷ್ಟು ದಿನ ಪುನರ್ಪುಳಿ, ಅಂಟುವಾಳ ಎಂದು ಅವರು ಅಲೆದದ್ದು ಈ ಬಾಟಲಿಯನ್ನು ಮುಟ್ಟದೆ ಪಾರಾಗಲೆಂದೇ ಎಂಬುದು ಆಗ ನನಗೆ ಹೊಳೆಯಿತು. ಹನೀಫಾ ಹೊಸಿಲ ಹೊರಗೇ ನಿಂತಿದ್ದರು, ಬಾಟಲಿಯೂ ಹೊರಗೇ ಇತ್ತು.

ರಶೀನಾ ಮೆಲ್ಲಗೆ ಹೇಳಿದಳು: "ನಮ್ಮಲ್ಲಿಯೂ ಕುಡಿಯುದು ಹರಾಮ್ ಅಣ್ಣ. ಆದ್ರೆ ಇದು ಚಕ್ರಕ್ಕೆ ಅಲ್ವಾ? ನಿಮಗೆ ಬೇಡ ಅಂತಾದ್ರೆ ವ್ಯಾನು ಅಂಗಳಕ್ಕೆ ತರುವ, ಒರೆಸುದು ನಾನು ಒರೆಸ್ತೇನೆ. ನಿಮ್ಮ ವ್ರತ ನಿಮ್ಮದೇ ಇರ್ಲಿ."

ಯುಕ್ತಿ ಸೊಗಸಾಗಿತ್ತು. ಒಪ್ಪಿಕೊಳ್ಳಿ ಮಾರಾಯ್ರೆ ಎಂದು ನಾನೂ ದನಿಗೂಡಿಸಿದೆ.

"ಬೇಡ," ಎಂದರು ಶ್ರೇಯಾಂಸಕುಮಾರರು. "ದೇವರ ಕಣ್ಣು ತಪ್ಪಿಸ್ಲಿಕ್ಕೆ ಅಂಗಳಕ್ಕೆ ಹೋಗುದಾ?" ಎದ್ದು ನಿಂತರು. "ನಾನು ವ್ರತ ತೆಗೆದುಕೊಂಡದ್ದು ಯಾಕೆ? ನನ್ನ ಗ್ಯಾರೇಜಿಂದ ಹೋದ ಗಾಡಿಯಲ್ಲಿ ಒಬ್ಬರಿಗೂ ಪೆಟ್ಟಾಗಬಾರದು ಅಂತ. ಈಗ ವ್ರತ ಉಳಿಸಿಕೊಂಡು ಮಕ್ಕಳನ್ನು ಬೀಳಿಸ್ಲಿಕ್ಕುಂಟಾ? ತನ್ನಿ ಹನೀಫಾ, ಒಳಗೇ ತನ್ನಿ."

ಹನೀಫಾ ಬಾಟಲಿಗೆ ಕಾಗದ ಸುತ್ತಲು ಹೊರಟರು. ಅದಕ್ಕೂ ಒಪ್ಪಿಗೆ ಸಿಗಲಿಲ್ಲ. ಹಾಡುಹಗಲಿನಲ್ಲಿ, ಪೇಟೆಯೆಲ್ಲ ನೋಡುವಂತೆ, ಬಾಟಲಿ ಹೊಸಿಲು ದಾಟಿತು. ಕುಡಿತದ ಹತ್ತಿರವೂ ಸುಳಿಯದ ಮೂವರು ಒಂದು ಸ್ಪಿರಿಟ್ ಬಾಟಲಿಯ ಸುತ್ತ ತಲೆ ಸೇರಿಸಿ ಕುಳಿತ ಆ ದೃಶ್ಯವನ್ನು ಕಂಡು, ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ ತುಕ್ರಪ್ಪ, "ನಂಗೂ ಸ್ವಲ್ಪ ಉಂಟಾ?" ಎಂದು ಕೂಗಿ ಕೇಳಿದ. ಎಲ್ಲರಿಗಿಂತ ಜೋರಾಗಿ ನಕ್ಕವರು ಶ್ರೇಯಾಂಸಕುಮಾರರೇ.

ಸಂಜೆ ಸಣ್ಣಗೆ ಮಳೆ ಹನಿಯುತ್ತಿತ್ತು. ವ್ಯಾನು ಇಳಿಜಾರಿನಲ್ಲಿ ಇಳಿಯಿತು, ಅರ್ಧಕ್ಕೆ ಬಂದಾಗ ದೀಪ ಕೆಂಪಗೆ ಉರಿಯಿತು, ಅಲ್ಲೇ ನಿಂತಿತು. ಅವರು ಹಿಂದೆ ತಂದು ಮತ್ತೆ ಇಳಿಸಿದರು, ಮತ್ತೆ ನಿಂತಿತು. ಬೀಗದ ಕೈ ಪಡೆದ ರಶೀನಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಭಾನುವಾರ ಗಂಡಹೆಂಡಿರು ಮೂಡಬಿದಿರೆಗೆ ಹೋದರು. ಬಸದಿಯಲ್ಲಿ ಶ್ರೇಯಾಂಸಕುಮಾರರು ನಡೆದದ್ದನ್ನು ನಡೆದ ಹಾಗೆ ಹೇಳಿ, ಒಪ್ಪೊತ್ತಿನ ಉಪವಾಸವನ್ನು ತಾವೇ ವಿಧಿಸಿಕೊಂಡು ಬಂದರೆಂದು ಅನಂತಮತಿಯವರಿಂದ ತಿಳಿಯಿತು. ಸೋಮವಾರ ವ್ಯಾನು ಮಕ್ಕಳ ಗದ್ದಲವನ್ನು ತುಂಬಿಕೊಂಡು ಪೇಟೆ ದಾಟಿತು.

ನಿಯಮನಿಷ್ಠರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಭಯ. ಅವರಲ್ಲಿ ಬಹುಮಂದಿ ನಿಯಮವನ್ನು ಕಾಯುತ್ತ ಕಾಯುತ್ತ, ಅದು ಯಾರನ್ನು ಕಾಯಲು ಹುಟ್ಟಿತೆಂಬುದನ್ನೇ ಮರೆತಿರುತ್ತಾರೆ. ಇನ್ನು ನಮ್ಮಂಥ ಜಾಣರು, ನಿಯಮ ಮುರಿಯಬೇಕಾದಾಗ ಸುಲಭವಾದ ಅಂಗಳವೊಂದನ್ನು ಹುಡುಕಿಕೊಳ್ಳುತ್ತೇವೆ. ಇವೆರಡೂ ಅಲ್ಲದ ಮೂರನೆಯ ಬಗೆಯವರು ಅಪರೂಪ. ಹಟ ಹಿಡಿದು ವರ್ಷಾನುಗಟ್ಟಲೆ ಕಾಪಾಡಿದ್ದನ್ನು ಇನ್ನೊಬ್ಬರ ಮಕ್ಕಳಿಗಾಗಿ ಎಲ್ಲರ ಕಣ್ಣೆದುರಿಗೇ ಬಿಟ್ಟುಕೊಟ್ಟು, ಅದರ ಹಸಿವನ್ನು ಮಾತ್ರ ತಾವೊಬ್ಬರೇ ಉಣ್ಣುವವರು. ಅಂಥವರು ತೊಳೆದುಕೊಟ್ಟ ಚಕ್ರಗಳ ಮೇಲೆ ನಮ್ಮ ಮಕ್ಕಳು ಹಾಡುತ್ತ ಶಾಲೆಗೆ ಹೋಗುತ್ತಾರೆ.