ಒಂದು ಫೋನಿನ ಮಾತು

ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಾಯಿತು, ಸೋಪು ಹಾಕಿ ತಿಕ್ಕಿದ್ದಾಯಿತು, ಈಗ ರಾಮಮ್ಮ ಕೊಬ್ಬರಿ ಎಣ್ಣೆ ತಂದು ಮಗನ ಎಡಗೈ ಬೆರಳುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಳು. ನಾಲ್ಕು ವರ್ಷದಿಂದ ಹಸಿ ಕಾಳುಮೆಣಸಿನ ರಸ ಕುಡಿದ ಬೆರಳುಗಳು. ಕಪ್ಪು ಬಿಡುವ ಲಕ್ಷಣ ಕಾಣಲಿಲ್ಲ. ಬಲಗೈಗೆ ಆಸ್ಪತ್ರೆಯವರೇ ಬಟ್ಟೆ ಸುತ್ತಿ ಕಳಿಸಿದ್ದರು, ಬಿಚ್ಚಬೇಡಿ ಎಂದು ಹೇಳಿಯೂ ಇದ್ದರು.

"ಸಾಕು ಬಿಡವ್ವ, ಹೋಗಲ್ಲ ಅದು," ಎಂದಳು ಮಗಳು ವೀಣಾ. ಕುಶಾಲನಗರದ ಗಂಡನ ಮನೆಯಿಂದ ಮೊನ್ನೆ ಬಂದವಳು ಇನ್ನೂ ಸೀರೆ ಬದಲಾಯಿಸಿರಲಿಲ್ಲ.

"ನಿಮ್ಮಪ್ಪ ಹೇಳವ್ರೆ. ಬಿ.ಕಾಂ. ಓದಿದೋನು, ಕೂಲಿಯವನ ಕೈ ಇಟ್ಕೊಂಡು ಹೋಗೋದು ಬ್ಯಾಡ ಅಂತ."

ವೀಣಾ ಎಣ್ಣೆಯ ಬಟ್ಟಲನ್ನು ತಾಯಿಯ ಕೈಯಿಂದ ತೆಗೆದಿಟ್ಟಳು. ಮನೆಯ ಹಿಂದೆ ಟಾರ್ಪಾಲು ಕಟ್ಟಿ ಮಾಡಿದ ಮರೆಯಲ್ಲಿ ಚಂದ್ರು ಹಲಗೆಯ ಮೇಲೆ ಮಲಗಿದ್ದ. ಮೂವತ್ತೊಂದು ವಯಸ್ಸು. ಮೊನ್ನೆ ಬೆಳಿಗ್ಗೆ ಎಸ್ಟೇಟಿನಲ್ಲಿ ಮೆಣಸು ಕುಯ್ಯಲು ಹತ್ತಿದವನು, ಅಲ್ಯೂಮಿನಿಯಂ ಏಣಿ ಕರೆಂಟಿನ ತಂತಿಗೆ ತಗುಲಿ ಅಲ್ಲೇ ಮುಗಿದಿದ್ದ. ಪೋಸ್ಟ್‌ಮಾರ್ಟಂ ಆಗಿ ಹೆಣ ಕೈಗೆ ಸಿಕ್ಕಿದ್ದು ಇವತ್ತು.

ಟಾರ್ಪಾಲಿನ ಆಚೆ ಶಾಮಿಯಾನದ ಕೆಳಗೆ ಗಂಡಸರು ಕುರ್ಚಿ ಹಾಕಿಕೊಂಡು ಕೂತಿದ್ದರು. ಸಾವಿನ ಮನೆಯಲ್ಲಿ ಮಾತು ತಗ್ಗಿಸಿ ಆಡುತ್ತಾರೆ, ಆದರೆ ಕೇಳಬಾರದವರಿಗೆ ಕೇಳುವಷ್ಟು ಜೋರಾಗಿಯೇ ಆಡುತ್ತಾರೆ.

"ಹತ್ತೋಕೆ ಮುಂಚೆ ಲೈನ್‌ಮನ್‌ಗೆ ಒಂದ್ ಫೋನ್ ಮಾಡಿದ್ರೆ ಲೈನ್ ಆಫ್ ಮಾಡ್ತಿದ್ದ. ಎಲ್ಲಾ ಎಸ್ಟೇಟ್‌ನಲ್ಲೂ ಹಂಗೇ ಮಾಡೋದು."

"ಒಂದ್ ಫೋನಿನ ಮಾತು ಕಣಯ್ಯ. ಅಷ್ಟಕ್ಕೆ ಜೀವ ಕಳ್ಕೊಂಡ."

ರಾಮಮ್ಮ ಮಗನ ಕೈಯನ್ನು ಅವನ ಎದೆಯ ಮೇಲಿಟ್ಟು, ನೀರಿನ ಬಿಂದಿಗೆ ಎತ್ತಿಕೊಂಡು ಹೊರಗೆ ಬಂದಳು. ಅವಳ ಗಂಡ ಜವರಯ್ಯ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ನಾಗರಾಜುವನ್ನು ಕಂಬಕ್ಕೆ ಒತ್ತಿ ನಿಲ್ಲಿಸಿಕೊಂಡವನಂತೆ ಕೇಳುತ್ತಿದ್ದ. "ನೀನು ಲೈನ್ ಆಫ್ ಮಾಡಿಸ್ಬೇಕಿತ್ತೋ ಇಲ್ವೋ?"

"ಅಣ್ಣ, ಲೈನ್‌ಮನ್ ನಂಬರ್ ಚೀಟೀಲಿ ಬರ್ದು ಚಂದ್ರು ಕೈಗೇ ಕೊಟ್ಟಿದ್ದೆ. ಫೋನ್ ಮಾಡ್ಬಿಟ್ಟು ಹತ್ತು ಅಂದೆ, ಹೂಂ ಅಂದ." ನಾಗರಾಜು ರಾಮಮ್ಮನನ್ನು ಕಂಡು ಸ್ವಲ್ಪ ಧೈರ್ಯ ಬಂದವನಂತೆ ತಿರುಗಿದ. "ಅವ್ನ ಫೋನೆಲ್ಲಾ ಮಾಡ್ತಿದ್ದಿದ್ದು ಅಮ್ಮೋರೇ ಅಲ್ವಾ. ಅಮ್ಮೋರೇ, ಮೊನ್ನೆ ನಿಮಗೇನೂ ಹೇಳಿರಲಿಲ್ವಾ ಅವ್ನು?"

ಕುರ್ಚಿಗಳೆಲ್ಲ ಅವಳ ಕಡೆ ತಿರುಗಿದವು.

"ಇಲ್ಲ," ಎಂದಳು ರಾಮಮ್ಮ.

"ನೋಡಿದ್ರಾ?" ಎಂದ ಜವರಯ್ಯ, ಯಾರಿಗೆಂದಿಲ್ಲದೆ. "ತಾಯಿಗೂ ಹೇಳಿಲ್ಲ. ಅಷ್ಟು ಬೇಜವಾಬ್ದಾರಿ."

ಇಲ್ಲ ಎಂದದ್ದು ಶುದ್ಧ ಸುಳ್ಳು. ಮೊನ್ನೆ ಬೆಳಿಗ್ಗೆ ಚಂದ್ರು ಅವಳಿಗೆ ಫೋನ್ ಮಾಡಿದ್ದ, ಲೈನ್‌ಮನ್‌ಗೆ ಹೇಳು ಎಂದು ಕೇಳಿದ್ದ. ಅವಳು ಆಗುವುದಿಲ್ಲ ಎಂದಿದ್ದಳು. ಈ ಭೂಮಿಯ ಮೇಲೆ ಅದು ಗೊತ್ತಿದ್ದ ಇಬ್ಬರಲ್ಲಿ ಒಬ್ಬ ಟಾರ್ಪಾಲಿನ ಹಿಂದೆ ಮಲಗಿದ್ದ. ಬಿಂದಿಗೆ ಹಿಡಿದು ಒಳಗೆ ಹೋದವಳಿಗೆ ಅವನ ಮುಖ ನೋಡಲಾಗಲಿಲ್ಲ. ತಾನು ಉಳಿದುಕೊಳ್ಳಲು ಸತ್ತ ಮಗನ ತಲೆಯ ಮೇಲೆ ತಪ್ಪು ಹೊರಿಸಿ ಬಂದಿದ್ದಳು.

*

ಚಂದ್ರು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ತಿಂಗಳು ಶಾಲೆಗೇ ಬಂದಿಲ್ಲವೆಂದು ಮೇಷ್ಟ್ರು ಹೇಳಿಕಳಿಸಿದ್ದರು. ಅವನೋ ದಿನಾ ಹೋಗಿ ಮೂರನೇ ಸಾಲಿನಲ್ಲಿ ಕೂತು ಬರುತ್ತಿದ್ದ. ಹಾಜರಿ ಕೂಗಿದಾಗ 'ಎಸ್ ಸಾರ್' ಎನ್ನಲು ಬಾಯಿ ಬರುತ್ತಿರಲಿಲ್ಲ, ಅಷ್ಟೇ.

ಅವನಪ್ಪ ಜವರಯ್ಯನದು ಬಾಯಿಯಿಂದಲೇ ಬೆಳೆದ ಬಾಳು. ಅರಕಲಗೂಡು ಕಡೆಯಿಂದ ಬರಿಗೈಲಿ ಬಂದು, ಹಾರಂಗಿ ನಾಲೆಯ ಪಕ್ಕ ಮೂರು ಎಕರೆ ಮಾಡಿಕೊಂಡು, ಕಂಡವರನ್ನೆಲ್ಲ ಮಾತಾಡಿಸಿ, ಪಂಚಾಯ್ತಿಯಲ್ಲಿ ಒಂದು ಸಲ ಗೆದ್ದವನು. ಅಂಥವನಿಗೆ ಇಂಥ ಮಗ. ನೆಂಟರು ಬಂದರೆ ಹಿತ್ತಲ ಬಾಗಿಲಿಂದ ಹೋಗಿ ಜೋಳದ ಹೊಲದಲ್ಲಿ ಕೂರುವ ಮಗ. "ಗಂಡು ಹುಡುಗ, ನಾಲ್ಕು ಜನರ ಮುಂದೆ ನಿಂತ್ಕೊಂಡ್ರೆ ತಿಂದಾಕ್ತಾರಾ?" ಎಂದು ಅಪ್ಪ ಕೂಗುತ್ತಿದ್ದ. ತಿಂದುಹಾಕುವುದಿಲ್ಲವೆಂದು ಚಂದ್ರುವಿಗೂ ಗೊತ್ತಿತ್ತು. ಗೊತ್ತಿದ್ದರೂ ಎದೆ ಡವಗುಟ್ಟುವುದು ನಿಲ್ಲುತ್ತಿರಲಿಲ್ಲ.

ಡಿಗ್ರಿ ಆದಮೇಲೆ ಜವರಯ್ಯ ಅವರಿವರ ಕಾಲು ಹಿಡಿದು ಗೊಬ್ಬರದ ಅಂಗಡಿಯ ಕೌಂಟರಿನಲ್ಲಿ ಕೂರಿಸಿದ. ಹನ್ನೊಂದು ದಿನ ಹೋದ. ಹನ್ನೆರಡನೇ ದಿನದಿಂದ ಬುತ್ತಿ ಕಟ್ಟಿಸಿಕೊಂಡು ಹೋಗಿ ನಾಲೆಯ ಸೇತುವೆ ಕೆಳಗೆ ಸಂಜೆವರೆಗೆ ಕೂತು ಬರುತ್ತಿದ್ದ. ಎರಡು ವಾರ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಮೊಬೈಲ್ ಅಂಗಡಿ, ಆಮೇಲೆ ಒಂದು ಹೋಂಸ್ಟೇ. ಹೋಂಸ್ಟೇಯಲ್ಲಿ ಫೋನು ಬಡಿದುಕೊಂಡರೆ ಅವನು ಬಾತ್‌ರೂಮಿಗೆ ಹೋಗಿ ನಿಲ್ಲುತ್ತಿದ್ದನಂತೆ, ಅದು ಬಡಿದುಕೊಳ್ಳುವುದು ನಿಲ್ಲುವವರೆಗೆ. ಎರಡು ವರ್ಷ ಮನೆಯಲ್ಲೇ ಉಳಿದ. ಊಟಕ್ಕೆ ಕರೆದರೆ ಅಪ್ಪ ಎದ್ದು ಹೋದಮೇಲೆ ಬರುತ್ತಿದ್ದ.

ಒಂದು ಫೆಬ್ರವರಿಯಲ್ಲಿ ಸುಂಟಿಕೊಪ್ಪದ ಮೇಲಿನ ಎಸ್ಟೇಟಿಗೆ ಮೆಣಸಿನ ಕುಯ್ಲಿಗೆ ಆಳು ಕಡಿಮೆ ಬಿತ್ತು. ಅಪ್ಪನಿಗೆ ಹೇಳದೆ ಚಂದ್ರು ಹೋದ. ರಾತ್ರಿ ಬಂದವನು ಮೂರು ಮುದ್ದೆ ಉಂಡ. ಅದಲ್ಲ ಆಶ್ಚರ್ಯ, ಉಂಡು ಎದ್ದವನು ಒಲೆಯ ಮುಂದೆ ಕೂತು ಮಾತಾಡಿದ.

"ಮೆಣಸಿನ ಬಳ್ಳಿ ಹಬ್ಬಿಸಿರೋ ಸಿಲ್ವರ್ ಮರ ನಲವತ್ತಡಿ ಇರುತ್ತವ್ವ. ಮೇಲೆ ಹೋದ್ಮೇಲೆ ಯಾರೂ ಏನೂ ಕೇಳಲ್ಲ. ಬೆನ್ನಿಗೆ ಚೀಲ ಕಟ್ಕೊಂಡು ಬಳ್ಳಿ ಮುರೀದಂಗೆ ತೆನೆ ಕೀಳ್ತಾ ಹೋಗೋದು. ಎಳೇ ತೆನೆ ಬಿಡ್ಬೇಕು, ಬಲಿತಿದ್ದು ಕೀಳ್ಬೇಕು. ಎಲ್ಲಾರೂ ಬಾಚ್ಕೊಂಡ್ ಬರ್ತಾರೆ, ನಾನು ನೋಡಿ ನೋಡಿ ಕೀಳ್ತೀನಿ. ಇವತ್ತು ಸಾಯಂಕಾಲ ಆಗಿದ್ದೇ ಗೊತ್ತಾಗ್ಲಿಲ್ಲ ನಂಗೆ."

ಸಾಯಂಕಾಲವಾದದ್ದು ಗೊತ್ತಾಗಲಿಲ್ಲ ಎಂದು ಅವನ ಬಾಯಲ್ಲಿ ಕೇಳಿ ರಾಮಮ್ಮ ಹಿತ್ತಲಿಗೆ ಹೋಗಿ ಅತ್ತಳು.

ಎರಡನೇ ವರ್ಷಕ್ಕೇ ತೋಟದವರು ಚಂದ್ರುವೇ ಬೇಕು ಎನ್ನತೊಡಗಿದರು. ಅವನು ಹತ್ತಿದ ಬಳ್ಳಿ ಮಾರನೇ ವರ್ಷ ಇನ್ನೂ ಚೆನ್ನಾಗಿ ಬಿಡುತ್ತದೆ ಎಂದು ಹೆಸರಾಯಿತು. ಜವರಯ್ಯ ಮಾತ್ರ, ಮಗ ಏನು ಮಾಡ್ತಾನೆ ಎಂದು ಯಾರಾದರೂ ಕೇಳಿದರೆ, ಎಸ್ಟೇಟಲ್ಲಿ ಆಫೀಸ್ ಕೆಲಸ ಎನ್ನುತ್ತಿದ್ದ. ಎಂದು ಬರಬೇಕು, ಎಷ್ಟು ಜನ ಬೇಕು, ಎಲ್ಲವನ್ನೂ ಫೋನಿನಲ್ಲಿ ಮಾತಾಡುತ್ತಿದ್ದವಳು ರಾಮಮ್ಮ. ಮಗನ ಬಾಯಿ ತಾನಾಗಿದ್ದಳು. ನಿಜ ಹೇಳಬೇಕೆಂದರೆ ಅವಳಿಗೆ ಅದರಲ್ಲಿ ಹೆಮ್ಮೆಯೂ ಇತ್ತು.

*

ಹೋದ ಭಾನುವಾರ ವೀಣಾ ಬಂದಿದ್ದಳು. ಹೆಣ್ಣುಮಕ್ಕಳು ತವರಿಗೆ ಬಂದರೆ ಬುದ್ಧಿ ಹೇಳದೆ ಹೋಗುವುದುಂಟೇ?

"ನೀನೇ ಎಲ್ಲಾ ಮಾತಾಡ್ತಾ ಹೋದ್ರೆ ಅವ್ನು ಯಾವಾಗ ಕಲಿಯೋದವ್ವ? ನಾಳೆ ನೀನಿಲ್ದಿದ್ರೆ ಅವ್ನಿಗ್ಯಾರು? ನಮ್ಮ ಪಕ್ಕದ ಮನೆ ಹುಡ್ಗೀನ ಡಾಕ್ಟ್ರ ಹತ್ರ ತೋರಿಸ್ತಿದ್ರು. ಸಣ್ಣ ಸಣ್ಣದಾಗಿ ಅವ್ರ ಕೈಲೇ ಮಾಡಿಸ್ಬೇಕಂತೆ."

ಡಾಕ್ಟ್ರ ಹತ್ತಿರ ಹೋಗಲು ಚಂದ್ರು ಒಪ್ಪಲಿಲ್ಲ. ಮತ್ತೆ ಹೊರಗಿನವರೊಡನೆ ಮಾತಾಡಬೇಕಲ್ಲ. ರಾಮಮ್ಮ ಮಂಗಳವಾರ ಅವನನ್ನು ಬೆಂಕಿಪೊಟ್ಟಣಕ್ಕೆ ಅಂಗಡಿಗೆ ಕಳಿಸಿದಳು. ಅರ್ಧ ಗಂಟೆ ಬಿಟ್ಟು ಬಂದ. ಅಂಗಿ ಬೆವರಿತ್ತು, ಕೈಯಲ್ಲಿ ಬೆಂಕಿಪೊಟ್ಟಣವಿತ್ತು. ಇಬ್ಬರೂ ನಕ್ಕರು. ಆ ನಗುವೇ ಅವಳ ತಲೆ ಕೆಡಿಸಿದ್ದು.

ಗುರುವಾರ ಬೆಳಿಗ್ಗೆ ಹಾಲು ಕರೆದು ಬರುವಾಗ ಫೋನು ಬಂತು. "ಅವ್ವ, ಈ ಬ್ಲಾಕಲ್ಲಿ ಕರೆಂಟ್ ತಂತಿ ಮರದ ಪಕ್ಕಾನೇ ಐತೆ. ಲೈನ್‌ಮನ್‌ಗೆ ಸ್ವಲ್ಪ ಹೇಳ್ತೀಯಾ? ನಂಬರ್ ಕಳಿಸ್ತೀನಿ."

"ನೀನೇ ಹೇಳು ಮಗ. ಬೆಂಕಿಪೊಟ್ಟಣ ತಂದೆ ತಾನೇ? ಇದೂ ಹಂಗೇ. ಹಲೋ ಅನ್ನು, ಮಿಕ್ಕಿದ್ದು ತಾನಾಗೇ ಬರುತ್ತೆ."

ಆ ಕಡೆ ಏಣಿ ಎಳೆಯುವ ಸದ್ದು ಕೇಳಿತು.

"ಇವತ್ತೊಂದಿನ ನೀನೇ ಮಾಡವ್ವ."

"ಆಗಲ್ಲ ಅಂದ್ರೆ ಆಗಲ್ಲ."

"ಹೂಂ ಅವ್ವ," ಎಂದ.

ಅವಳೇ ಫೋನ್ ಇಟ್ಟಳು. ಆಮೇಲೆ ಕಾಫಿ ಮಾಡಿಕೊಂಡು ಜಗಲಿಯಲ್ಲಿ ಕೂತು ಕುಡಿದಳು. ಮಗ ದಾರಿಗೆ ಬರುತ್ತಿದ್ದಾನೆ ಎಂದು ಖುಷಿಯಾಗಿತ್ತು. ಅವತ್ತಿನ ಕಾಫಿ ರುಚಿಯಾಗಿತ್ತು ಎಂಬುದನ್ನು ನೆನೆದರೆ ಈಗ ಅವಳಿಗೆ ತನ್ನ ನಾಲಿಗೆಯನ್ನೇ ಕಿತ್ತು ಬಿಸಾಡಬೇಕೆನಿಸುತ್ತಿತ್ತು.

*

ನಾಲ್ಕು ಜನರ ಮುಂದೆ ನಿಲ್ಲಲಾರದವನ ಹಿಂದೆ ಇನ್ನೂರು ಜನ ನಡೆದರು. ಶುಂಠಿ ಹೊಲದ ಬದುವಿನಲ್ಲಿ ಗುಣಿ ತೋಡಿದ್ದರು. ಇಳಿಸುವ ಮೊದಲು ಒಬ್ಬೊಬ್ಬರಾಗಿ ಬಾಯಿಗೆ ಅಕ್ಕಿ ಕಾಳು ಹಾಕಿ ಮುಖ ನೋಡಿಕೊಂಡರು. ಜವರಯ್ಯ ಅಕ್ಕಿ ಹಾಕುವಾಗ, "ಒಂದ್ ಫೋನ್ ಮಾಡೋಕಾಗ್ಲಿಲ್ವೇನೋ ನಿಂಗೆ," ಎಂದ. ಕೋಪದಿಂದಲೇ ಶುರು ಮಾಡಿದವನು, ಮುಗಿಸುವಷ್ಟರಲ್ಲಿ ಮಗನ ಗಲ್ಲ ಸವರುತ್ತಿದ್ದ. ಬೆಳಗಿನಿಂದ ಆ ಮಾತನ್ನು ಎಷ್ಟು ಸಲ ಕೇಳಿದ್ದಳೋ ರಾಮಮ್ಮ. ಪ್ರತಿ ಸಲವೂ ಬಾಯಿ ತೆರೆದು ಮುಚ್ಚಿದ್ದಳು. ಹೇಳಿದರೆ ಬುದ್ಧಿ ಹೇಳಿಕೊಟ್ಟವಳು ಯಾರೆಂದು ಕೇಳುತ್ತಾರೆ, ವೀಣಾಳ ಹೆಸರು ಬರುತ್ತದೆ, ಎಂದು ತನಗೇ ಸಮಜಾಯಿಷಿ ಕೊಟ್ಟುಕೊಂಡಿದ್ದಳು. ಅದೂ ಪೂರ್ತಿ ನಿಜವಲ್ಲ. ಅವಳಿಗೆ ಹೆದರಿಕೆಯಾಗಿತ್ತು.

ಹೆಣ ಇಳಿಸಿ, ಎಲ್ಲರೂ ಮೂರು ಹಿಡಿ ಮಣ್ಣಿಗೆ ಬಗ್ಗುವ ಹೊತ್ತಿಗೆ ಖಾಕಿ ಅಂಗಿಯ ಒಬ್ಬ ಮನುಷ್ಯ ಬದುವಿನ ಮೇಲೆ ಬಂದು ನಿಂತ. ಐವತ್ತರ ಆಸುಪಾಸು. ನಾಗರಾಜು ಅವನ ಕಿವಿಯಲ್ಲಿ ಏನೋ ಹೇಳಿ ರಾಮಮ್ಮನ ಕಡೆ ಕೈ ತೋರಿಸಿದ.

"ತಾಯಿ, ನಾನು ಸೋಮ, ಆ ಕಡೆ ಲೈನ್‌ಮನ್." ಅವನು ತನ್ನ ಫೋನನ್ನು ಅವಳ ಮುಂದೆ ಹಿಡಿದ. "ಇದು ನಿಮ್ಮ ಮಗನ ನಂಬರಾ, ನೋಡಿ."

ರಾಮಮ್ಮ ನೋಡಿದಳು. ಗುರುವಾರ, ಏಳು ಐವತ್ತು. ಏಳು ಐವತ್ತೆರಡು. ಏಳು ಐವತ್ತೇಳು. ಮೂರೂ ಚಂದ್ರುವಿನ ನಂಬರು. ಕೊನೆಯದರ ಪಕ್ಕದಲ್ಲಿ ಎರಡು ನಿಮಿಷ ಹತ್ತು ಸೆಕೆಂಡು ಎಂದಿತ್ತು.

"ಹಲೋ ಹಲೋ ಅಂದೆ ತಾಯಿ. ಮಾತೇ ಇಲ್ಲ, ಉಸಿರು ಮಾತ್ರ ಕೇಳ್ತಿತ್ತು. ಯಾರೋ ಆಟ ಆಡ್ತಾವ್ರೆ ಅಂತ ಎರಡು ಸಲ ಕಟ್ ಮಾಡ್ದೆ. ಮೂರನೇ ಸಲ ಕೆಟ್ಟದಾಗಿ ಬೈದ್ಬಿಟ್ಟೆ. ಬೈದ್ರೂ ಅವ್ನು ಇಡಲಿಲ್ಲ. ಕೊನೇಲಿ 'ಸಾ' ಅಂದಂಗಾಯ್ತು. 'ಸಾರ್' ಅನ್ನೋಕೆ ಹೋದ ಅಂತ ಕಾಣುತ್ತೆ. ಅಷ್ಟ್ರಲ್ಲಿ ನಾನೇ ಕಟ್ ಮಾಡ್ಬಿಟ್ಟೆ." ಅವನು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. "ನಂಗೆ ಹೆಂಗ್ ಗೊತ್ತಾಗ್ಬೇಕಿತ್ತು, ಹೇಳಿ ತಾಯಿ."

ಮಾಡಿದ್ದ. ಅವಳು ಹೇಳಿದ್ದನ್ನು ಅವನು ಮಾಡಿದ್ದ. ಮೂರು ಸಲ ಸೋತು, ಸೋತೆನೆಂದು ರೈಟರಿಗೆ ಹೇಳಲೂ ನಾಚಿ, ತಾನೇ ಹುಷಾರಾಗಿ ಏಣಿ ಇಟ್ಟುಕೊಂಡರಾಯಿತು ಎಂದು ಮರ ಹತ್ತಿದ್ದಿರಬೇಕು.

"ಏನಂತೆ? ಏನ್ ಹೇಳ್ತಾವ್ನೆ ಅವ್ನು?" ಜವರಯ್ಯ ಮಣ್ಣು ಹಿಡಿದುಕೊಂಡೇ ಕೇಳಿದ. ಗುಣಿಯ ಸುತ್ತ ಇದ್ದವರೆಲ್ಲ ಇತ್ತ ತಿರುಗಿದರು.

ರಾಮಮ್ಮ ಬಾಯಿ ತೆರೆದಳು. ಸದ್ದು ಬರಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು, ಅಂಗೈ ಬೆವರುತ್ತಿತ್ತು, ಎದೆ ಬಡಿದುಕೊಳ್ಳುವುದು ಕಿವಿಯಲ್ಲಿ ಕೇಳುತ್ತಿತ್ತು. ಇನ್ನೂರು ಜನರ ಕಣ್ಣು ಮೈಮೇಲಿತ್ತು. ಓಡಿಹೋಗು, ಓಡಿಹೋಗು ಎನ್ನುತ್ತಿದ್ದವು ಕಾಲುಗಳು. ಅಯ್ಯೋ ನನ್ನಪ್ಪ, ಇದನ್ನು ಇಟ್ಟುಕೊಂಡು ಇಷ್ಟು ವರ್ಷ ಹೆಂಗೆ ಬಾಳಿದೆಯೋ, ಎಂದುಕೊಂಡಳು. ಯಾರೋ ಹೆಂಗಸು "ಪಾಪ, ದುಃಖ" ಎಂದು ಅವಳ ರಟ್ಟೆ ಹಿಡಿಯಲು ಬಂದಳು. ರಾಮಮ್ಮ ಕೊಡವಿಕೊಂಡಳು.

"ಅವ್ನು ನಂಗೆ ಫೋನ್ ಮಾಡಿದ್ದ," ಎಂದಳು. ದನಿ ತನ್ನದಲ್ಲವೆನಿಸಿತು. "ಬೆಳಿಗ್ಗೆ ಇಲ್ಲ ಅಂದಿದ್ದು ಸುಳ್ಳು. ಲೈನ್‌ಮನ್‌ಗೆ ಹೇಳವ್ವ ಅಂದ. ನೀನೇ ಹೇಳ್ಕೋ, ನಂಗಾಗಲ್ಲ ಅಂದೆ."

"ಅವ್ವ, ಅದು ನಾನು..." ವೀಣಾ ಮುಂದೆ ಬಂದಳು.

"ನೀನು ಸುಮ್ಕಿರು. ನನ್ ಬುದ್ಧಿ ಅದು, ನಂದೇ." ರಾಮಮ್ಮ ಸೋಮನ ಕೈಯಿಂದ ಫೋನು ತೆಗೆದುಕೊಂಡಳು. "ಈ ಅಣ್ಣಂದು ತಪ್ಪಿಲ್ಲ. ಇವ್ರಿಗೆ ಮೂರು ಸಲ ಮಾಡವ್ನೆ ನನ್ ಮಗ. ಬಾಯಿ ಬಂದಿಲ್ಲ. ಮೂರನೇ ಸಲ ಎರಡು ನಿಮಿಷ ಹತ್ತು ಸೆಕೆಂಡು. ಬೈಸ್ಕೊಂಡು ನಿಂತವ್ನೆ, ಫೋನ್ ಇಟ್ಟಿಲ್ಲ. ಗುರುತಿಲ್ಲದೋರ ಹತ್ರ ಅವ್ನು ಜನ್ಮದಲ್ಲೇ ಅಷ್ಟು ಹೊತ್ತು ನಿಂತಿರಲಿಲ್ಲ. ಒಂದ್ ಫೋನಿನ ಮಾತು ಅಂತ ಇನ್ಮೇಲೆ ಯಾರೂ ಅನ್ಬೇಡಿ."

ಜವರಯ್ಯ ಬಂದು ಫೋನನ್ನು ಕಣ್ಣಿಂದ ದೂರ ಹಿಡಿದು ಓದಿದ. ತುಟಿ ಒಂದೊಂದು ಅಂಕಿಗೂ ಅಲ್ಲಾಡಿತು. ಓದಿ ಮುಗಿಸಿ ಹೆಂಡತಿಯನ್ನು ಕೇಳಿದ.

"ಇದು ಅವನ ನಂಬರಾ?"

ಮಗನಿಗೆ ಅವನು ಒಂದು ದಿನವೂ ಫೋನ್ ಮಾಡಿರಲಿಲ್ಲ. ಜವರಯ್ಯ ಗುಣಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಸುತ್ತ ನಿಂತವರ ಹಿಡಿಗಳಲ್ಲಿ ಮಣ್ಣು ಹಾಗೇ ಇತ್ತು. ಮೊದಲು ಹಾಕುವವರು ಯಾರೆಂದು ಯಾರೂ ಕೇಳಲಿಲ್ಲ, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಇನ್ನೂರು ಜನ ತಲೆ ತಗ್ಗಿಸಿ, ತಮ್ಮ ತಮ್ಮ ಪಾದಗಳನ್ನೇ ನೋಡುತ್ತ, ಮಾತು ಬಾರದೆ ನಿಂತಿದ್ದರು.